ವೇತನ ಒಪ್ಪಂದ: ‘ಶೇಕಡಾ ಎಷ್ಟು?’ ಎನ್ನುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

2025ರ ಆಗಸ್ಟ್ 5ರಂದು ಸಾರಿಗೆ ನಿಗಮಗಳ ನೌಕರರು ರಾಜ್ಯದಾದ್ಯಂತ ಮುಷ್ಕರಕ್ಕಿಳಿದರು. ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಅದೇ ದಿನ ಮುಷ್ಕರ ನಿಂತಿತು. ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು 38 ತಿಂಗಳ ಹಿಂಬಾಕಿ. ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ವೇತನ ಪರಿಷ್ಕರಣೆ 2020ರ ಜನವರಿ 1ರಿಂದ ಬಾಕಿಯಿತ್ತು. ಸರ್ಕಾರ ಮೂಲ ವೇತನಕ್ಕೆ ಶೇ 15ರಷ್ಟು ಹೆಚ್ಚಳ ಘೋಷಿಸಿದ್ದು 2023ರ ಮಾರ್ಚ್‌ನಲ್ಲಿ. ಹಣ ಕೈಗೆ ಸೇರತೊಡಗಿದ್ದೂ ಆ ತಿಂಗಳಿನಿಂದಲೇ. ನಡುವಿನ 38 ತಿಂಗಳು ಯಾರ ಖಾತೆಗೆ? ಶೇ 15 ಎಂಬ ಅಂಕಿಯ ಮೇಲಿನ ಜಗಳ ತಣ್ಣಗಾಗಿ ಎರಡು ವರ್ಷ ಕಳೆದರೂ ಒಂದು ದಿನಾಂಕದ ಮೇಲಿನ ಜಗಳ ಮಾತ್ರ ಉಳಿದೇ ಇತ್ತು.

ಕಾರ್ಖಾನೆಯ ಗೇಟಿನಲ್ಲಿ ಒಪ್ಪಂದದ ಸುದ್ದಿ ಹರಡುವುದು ಒಂದೇ ಅಂಕಿಯಾಗಿ: ‘ಆರು ಸಾವಿರ ಆಯ್ತಂತೆ.’ ಆ ಅಂಕಿಯಿಂದ ತಿಳಿಯುವುದು ಕಡಿಮೆ. ಯಾವಾಗಿನಿಂದ, ಯಾವುದರ ಮೇಲೆ, ಯಾರಿಗೆ, ಯಾವುದಕ್ಕೆ ಬದಲಾಗಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗಲೇ ಒಪ್ಪಂದದ ನಿಜವಾದ ಬೆಲೆ ಗೊತ್ತಾಗುವುದು. ಸಂಘದ ಸಮಿತಿಗೆ ಹೊಸದಾಗಿ ಆಯ್ಕೆಯಾದವರಿಗೂ, ಮೊದಲ ಸಲ ಸಂಘದ ಎದುರು ಕೂರಲಿರುವ ಸಣ್ಣ ಉದ್ದಿಮೆದಾರರಿಗೂ ಇಡೀ ಪ್ರಕ್ರಿಯೆಯನ್ನು ಹಂತಹಂತವಾಗಿ ಬಿಡಿಸಿಡುವ ಪ್ರಯತ್ನ ಇಲ್ಲಿದೆ.

ಕಾರ್ಮಿಕರ ಪರ ಮಾತಾಡುವವರು ಯಾರು?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಒಪ್ಪಂದದ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು 2020ರ ಕೈಗಾರಿಕಾ ಬಾಂಧವ್ಯ ಸಂಹಿತೆ. ಇದು 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದಗಳ ಕಾಯ್ದೆಗಳ ಜಾಗಕ್ಕೆ ಬಂದಿದೆ.

ಹಿಂದಿನ ಕೇಂದ್ರ ಕಾಯ್ದೆಗಳಲ್ಲಿ ಸಂಘವನ್ನು ನೋಂದಾಯಿಸಲು ದಾರಿಯಿತ್ತು, ಆಡಳಿತ ವರ್ಗ ಆ ಸಂಘಕ್ಕೆ ಮಾನ್ಯತೆ ಕೊಡಲೇಬೇಕೆಂಬ ಸ್ಪಷ್ಟ ನಿಯಮವಿರಲಿಲ್ಲ. ಈಗ ‘ಸಂಧಾನ ಸಂಘ’ ಎಂಬ ಸ್ಥಾನ ಕಾನೂನಿನಲ್ಲೇ ಇದೆ. ಕಾರ್ಖಾನೆಯಲ್ಲಿ ಒಂದೇ ಸಂಘವಿದ್ದರೆ ನಿಗದಿತ ಷರತ್ತುಗಳಿಗೆ ಒಳಪಟ್ಟು ಅದಕ್ಕೇ ಆ ಸ್ಥಾನ. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಅಥವಾ ಹೆಚ್ಚು ಬೆಂಬಲವಿರುವ ಸಂಘ ಏಕೈಕ ಸಂಧಾನ ಸಂಘವಾಗುತ್ತದೆ. ಯಾರಿಗೂ ಅಷ್ಟು ಬೆಂಬಲವಿಲ್ಲದಿದ್ದರೆ ಸಂಧಾನ ಮಂಡಳಿ ರಚನೆಯಾಗುತ್ತದೆ. ಕನಿಷ್ಠ ಶೇ 20 ಬೆಂಬಲವಿರುವ ಸಂಘಗಳಿಗೆ ಅದರಲ್ಲಿ ಜಾಗ, ಪ್ರತಿ ಶೇ 20ಕ್ಕೆ ಒಬ್ಬ ಪ್ರತಿನಿಧಿ. ಈ ಮಾನ್ಯತೆಯ ಅವಧಿ ಮೂರು ವರ್ಷ. ಎರಡೂ ಕಡೆಯವರು ಒಪ್ಪಿದರೆ ಐದು ವರ್ಷದವರೆಗೆ ಹೋಗಬಹುದು.

ಸಂಘವೇ ಇಲ್ಲದ ಕಡೆ ಮೊದಲ ಹೆಜ್ಜೆ ನೋಂದಣಿ. ಅದಕ್ಕೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ಜೊತೆಗೆ ಅಲ್ಲಿನ ಕಾರ್ಮಿಕರಲ್ಲಿ ಶೇ 10 ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ಹೊರಗಿನ ನಾಯಕರು ಪದಾಧಿಕಾರಿಗಳಾಗಬಹುದು, ಆದರೆ ಸಂಘಟಿತ ವಲಯದಲ್ಲಿ ಮೂರನೇ ಒಂದು ಭಾಗ ಅಥವಾ ಐದು ಮಂದಿ, ಯಾವುದು ಕಡಿಮೆಯೋ ಅಷ್ಟಕ್ಕೆ ಮಿತಿ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರು ವಿವಾದಗಳ ವಿಷಯದಲ್ಲಿ ಈ ಕಾನೂನಿನ ಕಣ್ಣಿಗೆ ‘ಕಾರ್ಮಿಕ’ರಲ್ಲ, ಆದರೆ ಸಂಘಗಳ ಕುರಿತ ಅಧ್ಯಾಯಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಸದಸ್ಯತ್ವದ ಲೆಕ್ಕ ಹಾಕುವಾಗ ಇದನ್ನು ಮರೆತರೆ ಎಣಿಕೆಯ ದಿನ ತೊಂದರೆ.

ಹಳೆಯ ಒಪ್ಪಂದ ಮುಗಿದರೆ ಏನಾಗುತ್ತದೆ?

‘ಡಿಸೆಂಬರ್‌ಗೆ ಒಪ್ಪಂದ ಮುಗಿಯಿತು, ಇನ್ನು ಕ್ಯಾಂಟೀನ್ ಸಬ್ಸಿಡಿ ಕೊಡಬೇಕಿಲ್ಲ’ ಎಂದು ಆಡಳಿತ ವರ್ಗದವರು ಹೇಳುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ. ಅವಧಿ ಮುಗಿದ ಮೇಲೂ, ಯಾರಾದರೂ ಒಬ್ಬರು ಒಪ್ಪಂದ ಕೊನೆಗೊಳಿಸುವ ಲಿಖಿತ ನೋಟಿಸ್ ಕೊಟ್ಟು 60 ದಿನ ಕಳೆಯುವವರೆಗೆ ಅದು ಎರಡೂ ಕಡೆಯನ್ನು ಕಟ್ಟಿಹಾಕಿರುತ್ತದೆ. ಆ ಬಳಿಕವೂ ಹೊಸ ಒಪ್ಪಂದ ಅದರ ಜಾಗಕ್ಕೆ ಬರುವ ತನಕ ಹಳೆಯ ಸೇವಾ ಷರತ್ತುಗಳು ಗಾಳಿಗೆ ಹಾರಿಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಜೀವ ವಿಮಾ ನಿಗಮದ ನೌಕರರ ಪ್ರಕರಣದಲ್ಲಿ ಹೇಳಿದೆ. ಅವಧಿಯನ್ನೇ ನಮೂದಿಸದ ಒಪ್ಪಂದಕ್ಕೆ ಕಾನೂನು ಕೊಡುವ ಆಯುಸ್ಸು ಆರು ತಿಂಗಳು.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಅವಧಿ ಮುಗಿಯುವ ಎರಡು ಮೂರು ತಿಂಗಳು ಮುಂಚೆ. ಕೊನೆಗೊಳಿಸುವ ನೋಟಿಸ್ ಮತ್ತು ಹೊಸ ಬೇಡಿಕೆ ಪಟ್ಟಿ ಎರಡನ್ನೂ ಒಟ್ಟಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಹಿಂಬಾಕಿ ಕೇಳುವಾಗ ಆ ಸ್ವೀಕೃತಿಯ ಮೇಲಿನ ತಾರೀಖೇ ಮೊದಲ ಸಾಕ್ಷಿ.

ಬೇಡಿಕೆ ಪಟ್ಟಿ: ಕೂಗಿಗೆ ಮುಂಚೆ ಲೆಕ್ಕ

ಸದಸ್ಯರ ಸಭೆಯಲ್ಲಿ ನಲವತ್ತು ಬೇಡಿಕೆಗಳು ಬರುತ್ತವೆ. ಎಲ್ಲವನ್ನೂ ಬರೆದುಕೊಳ್ಳಿ, ಆಮೇಲೆ ಸಮಿತಿ ಕುಳಿತು ಮೂರು ಭಾಗ ಮಾಡಲಿ: ಬಿಡಲಾಗದ್ದು, ಸಿಕ್ಕರೆ ಒಳ್ಳೆಯದು, ಕೊಟ್ಟು ತೆಗೆದುಕೊಳ್ಳಲು ಇಟ್ಟುಕೊಂಡದ್ದು. ಈ ವಿಂಗಡಣೆ ಸಮಿತಿಯ ಒಳಗೇ ಇರಲಿ.

ಪ್ರತಿ ಬೇಡಿಕೆಯ ಹಿಂದೆ ಒಂದು ಆಧಾರ ಬೇಕು. ನಮ್ಮ ದೇಶದ ನ್ಯಾಯಮಂಡಳಿಗಳು ಬಹುಕಾಲದಿಂದ ನೋಡುತ್ತ ಬಂದಿರುವ ಅಳತೆಗೋಲುಗಳು ಮೂರು.

ಮೊದಲನೆಯದು ಅಗತ್ಯ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಕುಟುಂಬಕ್ಕೆ ಬೇಕಾದ ಕನಿಷ್ಠ ವೇತನದ ಲೆಕ್ಕಕ್ಕೆ ಸೂತ್ರ ಕೊಟ್ಟಿತು: ಮೂರು ಬಳಕೆ ಘಟಕ, ತಲಾ 2,700 ಕ್ಯಾಲೊರಿ ಆಹಾರ, ವರ್ಷಕ್ಕೆ ಕುಟುಂಬಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ-ದೀಪ ಮತ್ತು ಇತರ ಖರ್ಚಿಗೆ ಶೇ 20. 1991ರ ರಾಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಶಿಕ್ಷಣ, ಔಷಧೋಪಚಾರ, ಮದುವೆ, ಮುಪ್ಪಿನ ಆಸರೆಗೆಂದು ಶೇ 25 ಸೇರಿಸಿತು. ನಿಮ್ಮ ಊರಿನ ಅಂಗಡಿ ದರ, ನಿಮ್ಮ ಬಡಾವಣೆಯ ಬಾಡಿಗೆ ಹಿಡಿದು ಈ ಲೆಕ್ಕವನ್ನು ನೀವೇ ಹಾಕಬಹುದು. ಹತ್ತು ಮನೆಗಳ ತಿಂಗಳ ಖರ್ಚಿನ ಪಟ್ಟಿ ಹತ್ತು ಪುಟದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯದು ನೆರೆಹೊರೆಯ ದರ. ಅದೇ ಪ್ರದೇಶದ, ಅದೇ ಬಗೆಯ ಉದ್ದಿಮೆಯಲ್ಲಿ ಏನು ಕೊಡುತ್ತಿದ್ದಾರೆ? ಪೀಣ್ಯದ ಬಿಡಿಭಾಗ ಘಟಕವನ್ನು ಪೀಣ್ಯದ ಇನ್ನೊಂದು ಬಿಡಿಭಾಗ ಘಟಕಕ್ಕೆ ಹೋಲಿಸಿದರೆ ವಾದ ನಿಲ್ಲುತ್ತದೆ. ಅದನ್ನೇ ಬಹುರಾಷ್ಟ್ರೀಯ ಕಾರು ಕಂಪನಿಗೆ ಹೋಲಿಸಿದರೆ ಎದುರಿನವರು ನಕ್ಕು ಮುಂದೆ ಹೋಗುತ್ತಾರೆ. ಬೆಂಗಳೂರಿನ ದೊಡ್ಡ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 1980ರ ಡಿಸೆಂಬರ್ ಕೊನೆಯಲ್ಲಿ ಹೂಡಿ 77 ದಿನ ನಡೆಸಿದ ಮುಷ್ಕರದ ತಿರುಳೂ ಹೋಲಿಕೆಯೇ ಆಗಿತ್ತು: ಬಿಎಚ್‌ಇಎಲ್‌ನವರಿಗೆ ಸಿಕ್ಕ ವೇತನಕ್ಕೆ ಸರಿಸಮ ನಮಗೂ ಬೇಕು ಎಂದು.

ಮೂರನೆಯದು ಕೊಡುವ ಶಕ್ತಿ. ಕಂಪನಿಯ ವಾರ್ಷಿಕ ಲೆಕ್ಕಪತ್ರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಪಡೆಯಬಹುದು. ಒಟ್ಟು ವಹಿವಾಟಿನಲ್ಲಿ ನೌಕರರ ವೆಚ್ಚ ಶೇಕಡಾ ಎಷ್ಟು, ಕಳೆದ ಮೂರು ವರ್ಷದಲ್ಲಿ ಅದು ಏರಿದೆಯೋ ಇಳಿದಿದೆಯೋ ನೋಡಿ. ‘ನಷ್ಟದಲ್ಲಿದ್ದೇವೆ’ ಎಂಬ ಮಾತಿಗೂ ‘ಕೋಟಿಗಟ್ಟಲೆ ಲಾಭ’ ಎಂಬ ಮಾತಿಗೂ ಉತ್ತರ ಆ ಪುಟಗಳಲ್ಲಿರುತ್ತದೆ.

ಆಡಳಿತ ವರ್ಗವೂ ಸುಮ್ಮನೆ ಬರುವುದಿಲ್ಲ. ಗೈರುಹಾಜರಿ, ಉತ್ಪಾದನೆ ಹೆಚ್ಚಳ, ಪಾಳಿ ಬದಲಾವಣೆ, ಒಬ್ಬರೇ ಎರಡು ಯಂತ್ರ ನೋಡಿಕೊಳ್ಳುವುದು ಎಂದು ತನ್ನದೇ ಪ್ರತಿ-ಬೇಡಿಕೆ ಪಟ್ಟಿ ತರುತ್ತದೆ. ಅದನ್ನು ಅವಮಾನವೆಂದು ತಿಳಿಯದೆ, ಎದುರಿನವರಿಗೆ ಏನು ಬೇಕಾಗಿದೆ ಎಂಬ ಸುಳಿವೆಂದು ಓದಿ.

ಮಾತುಕತೆಯ ಕೋಣೆಯಲ್ಲಿ

ಸಂಘದ ಕಡೆ ಐದರಿಂದ ಏಳು ಮಂದಿ ಸಾಕು. ಬೇರೆಬೇರೆ ವಿಭಾಗದವರು, ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ ಖಂಡಿತ ಹೆಣ್ಣುಮಕ್ಕಳು ಇರಲಿ. ಗಾರ್ಮೆಂಟ್ಸ್ ಕಾರ್ಖಾನೆಯ ಒಪ್ಪಂದದಲ್ಲಿ ಶೌಚಾಲಯದ ವಿರಾಮ, ಶಿಶುಪಾಲನಾ ಕೇಂದ್ರ, ರಾತ್ರಿ ಬಸ್ಸಿನ ಮಾತು ಬರುವುದು ಆಗಲೇ. ಮಾತಾಡುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು ಎಂದು ಮೊದಲೇ ಗೊತ್ತುಮಾಡಿ. ಭಿನ್ನಾಭಿಪ್ರಾಯ ಬಂದರೆ ಎದುರಿನವರ ಮುಂದೆ ವಾದ ಬೇಡ. ಹತ್ತು ನಿಮಿಷ ಬಿಡುವು ಕೇಳಿ ಹೊರಗೆ ಹೋಗಿ.

ಪ್ರತಿ ಸುತ್ತಿನ ನಡಾವಳಿ ಅಂದೇ ಬರೆದು ಎರಡೂ ಕಡೆ ಸಹಿ ಮಾಡುವುದು ರೂಢಿಯಾಗಲಿ. ‘ಅವತ್ತು ನೀವು ಒಪ್ಪಿದ್ರಲ್ಲ’ ಎಂಬ ತಕರಾರಿಗೆ ಇದಕ್ಕಿಂತ ಬೇರೆ ಮದ್ದಿಲ್ಲ. ಸುಲಭದ ವಿಷಯಗಳಾದ ಸಮವಸ್ತ್ರ, ಕ್ಯಾಂಟೀನ್, ಹಬ್ಬದ ಮುಂಗಡಗಳನ್ನು ಮೊದಲು ಮುಗಿಸಿಕೊಂಡರೆ ಮಾತಿಗೆ ಹದ ಬರುತ್ತದೆ.

ಹಣದ ಮಾತು ಬಂದಾಗ ಅನುಭವಿಗಳು ಅನುಸರಿಸುವ ಕ್ರಮ ಒಂದಿದೆ. ಮೊದಲು ಒಟ್ಟು ಗಂಟು ಎಷ್ಟೆಂದು ತೀರ್ಮಾನ, ಆಮೇಲೆ ಅದರ ಹಂಚಿಕೆ. ಬ್ಯಾಂಕ್ ನೌಕರರ 12ನೇ ದ್ವಿಪಕ್ಷೀಯ ಒಪ್ಪಂದ ಹೀಗೆಯೇ ಆಯಿತು. 2023ರ ಡಿಸೆಂಬರ್ 7ರಂದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳು ವೇತನ ವೆಚ್ಚದಲ್ಲಿ ಒಟ್ಟು ಶೇ 17 ಹೆಚ್ಚಳಕ್ಕೆ ತಿಳಿವಳಿಕೆ ಪತ್ರ ಬರೆದುಕೊಂಡವು. ವೇತನ ಶ್ರೇಣಿ, ಭತ್ಯೆ, ರಜೆಗಳ ವಿವರ ಕುದುರಿ ಅಂತಿಮ ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು. ಜಾರಿಯ ದಿನಾಂಕ ಮಾತ್ರ 2022ರ ನವೆಂಬರ್ 1. ಸಹಿ ತಡವಾದರೂ ಹಿಂಬಾಕಿ ಕೈತಪ್ಪಲಿಲ್ಲ.

ಮೊದಲ ಪ್ರಶ್ನೆ: ಯಾವಾಗಿನಿಂದ?

ಇದಕ್ಕೆ ಎರಡು ಮುಖ. ಒಂದು ಜಾರಿಯ ದಿನಾಂಕ. ಇನ್ನೊಂದು, ಹೆಚ್ಚಳ ಒಂದೇ ಸಲಕ್ಕೋ ಕಂತುಗಳಲ್ಲೋ ಎಂಬುದು. ಮೂರು ವರ್ಷದ ಒಪ್ಪಂದದಲ್ಲಿ ‘ತಿಂಗಳಿಗೆ 6,000 ರೂಪಾಯಿ ಹೆಚ್ಚಳ’ ಎಂದಿದೆ ಎಂದುಕೊಳ್ಳಿ. ಒಬ್ಬ ಕಾರ್ಮಿಕರ ಕೈಗೆ 36 ತಿಂಗಳಲ್ಲಿ ಬರುವ ಹೆಚ್ಚುವರಿ ಹಣ ಹೀಗಿರುತ್ತದೆ:

- ಪೂರ್ತಿ 6,000 ಮೊದಲ ತಿಂಗಳಿನಿಂದಲೇ ಕೊಟ್ಟರೆ: 2,16,000 ರೂಪಾಯಿ
- ವರ್ಷವಾರು 3,000, 1,800, 1,200 ಎಂದು ಏರಿಸಿದರೆ: 1,65,600 ರೂಪಾಯಿ
- ವರ್ಷಕ್ಕೆ 2,000ದಂತೆ ಸಮನಾಗಿ ಏರಿಸಿದರೆ: 1,44,000 ರೂಪಾಯಿ

ಮೂರಕ್ಕೂ ಗೇಟಿನ ಸುದ್ದಿ ಒಂದೇ: ಆರು ಸಾವಿರ. ಮೊದಲನೆಯದಕ್ಕೂ ಕೊನೆಯದಕ್ಕೂ ತಲಾ 72,000 ರೂಪಾಯಿ ಅಂತರ. 300 ಕಾರ್ಮಿಕರ ಕಾರ್ಖಾನೆಗೆ ಅದು 2 ಕೋಟಿ 16 ಲಕ್ಷ. ಆದರೆ ಮೂರನೇ ವರ್ಷದ ಕೊನೆಗೆ ಮೂರರಲ್ಲೂ ವೇತನ ಒಂದೇ ಮಟ್ಟಕ್ಕೆ ಬಂದಿರುತ್ತದೆ, ಮುಂದಿನ ಮಾತುಕತೆ ಅಲ್ಲಿಂದ ಶುರು. ಕೈಚಳಕಕ್ಕೆ ಅವಕಾಶವಿರುವುದು ಇಲ್ಲೇ. 6,600 ರೂಪಾಯಿಯನ್ನು ವರ್ಷಕ್ಕೆ 2,200ರಂತೆ ಕೊಟ್ಟರೆ ಆಡಳಿತ ವರ್ಗಕ್ಕೆ ತಗಲುವುದು 1,58,400 ರೂಪಾಯಿ, ಅಂದರೆ ಮೇಲಿನ ಎರಡನೇ ಸಾಲಿಗಿಂತ ಕಡಿಮೆ. ಕಾರ್ಮಿಕರಿಗೆ ಈ ಅವಧಿಯಲ್ಲಿ ಸ್ವಲ್ಪ ಕಡಿಮೆ ಬಂದರೂ ಮುಂದಿನ ಒಪ್ಪಂದ 600 ರೂಪಾಯಿ ಮೇಲಿನ ಮಟ್ಟದಿಂದ ಆರಂಭವಾಗುತ್ತದೆ. ಇಬ್ಬರೂ ಪಟ್ಟು ಹಿಡಿದು ಕೂತಾಗ ಕಂತುಗಳನ್ನು ಅದಲುಬದಲು ಮಾಡಿ ನೋಡಿದರೆ ದಾರಿ ತೆರೆದುಕೊಳ್ಳುವುದುಂಟು.

ಎರಡನೇ ಪ್ರಶ್ನೆ: ಯಾವುದರ ಮೇಲೆ?

ಅದೇ 3,000 ರೂಪಾಯಿ ಮೂಲ ವೇತನಕ್ಕೆ ಸೇರಿದರೆ ಒಂದು ಫಲ, ಭತ್ಯೆಗೆ ಸೇರಿದರೆ ಇನ್ನೊಂದು. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ವೇತನದ 15/26 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸಿ. 20 ವರ್ಷ ಸೇವೆಯಿರುವವರ ಮೂಲ ವೇತನಕ್ಕೆ 3,000 ಸೇರಿದರೆ ಗ್ರಾಚ್ಯುಟಿ ಒಂದರಲ್ಲೇ ಸುಮಾರು 34,600 ರೂಪಾಯಿ ಹೆಚ್ಚು. ಹಿಂದೆ ದುಡಿದ ವರ್ಷಗಳಿಗೂ ಹೊಸ ದರವೇ ಅನ್ವಯ. ಮಿತಿಯಿಲ್ಲದೆ ಪೂರ್ತಿ ವೇತನದ ಮೇಲೆ ಪಿಎಫ್ ಕಟ್ಟುವ ಕಾರ್ಖಾನೆಯಲ್ಲಾದರೆ ಮಾಲೀಕರ ಪಾಲು ಶೇ 12ರಂತೆ ತಿಂಗಳಿಗೆ ಇನ್ನೂ 360 ರೂಪಾಯಿ.

ಆಡಳಿತ ವರ್ಗ ಭತ್ಯೆಗಳ ಕಡೆ ವಾಲುವುದು ಇದಕ್ಕೇ. ಆದರೆ ಹೊಸ ವೇತನ ಸಂಹಿತೆ ಆ ಜಾಗವನ್ನು ಕಿರಿದು ಮಾಡಿದೆ. ಮನೆ ಬಾಡಿಗೆ, ಪ್ರಯಾಣ ಮುಂತಾದ ವೇತನದಿಂದ ಹೊರಗಿಟ್ಟ ಬಾಬುಗಳೆಲ್ಲ ಕೂಡಿ ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನವೆಂದೇ ಲೆಕ್ಕ ಹಾಕಬೇಕು. ಹಳೆಯ ವೇತನ ಚೀಟಿಯ ನಮೂನೆಯಲ್ಲೇ ಹೊಸ ಒಪ್ಪಂದ ಬರೆಯುವ ಮುನ್ನ ಇಬ್ಬರೂ ಈ ಲೆಕ್ಕ ಹಾಕಿ ನೋಡಿಕೊಳ್ಳಬೇಕು.

ತುಟ್ಟಿಭತ್ಯೆಯ ಕಲಮಿನಲ್ಲಿ ಯಾವ ಬೆಲೆ ಸೂಚ್ಯಂಕ, ಯಾವ ಆಧಾರ ವರ್ಷ, ಪಾಯಿಂಟಿಗೆ ಎಷ್ಟು ರೂಪಾಯಿ, ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಣೆ ಎಂಬ ನಾಲ್ಕೂ ಇರಬೇಕು. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ 2001ರ ಆಧಾರದಿಂದ 2016ರ ಆಧಾರಕ್ಕೆ ಬದಲಾದಾಗ ಅಖಿಲ ಭಾರತ ಮಟ್ಟದ ಜೋಡಣೆಯ ಗುಣಕ 2.88 ಆಗಿತ್ತು. ಹಳೆಯ ಸರಣಿಯಲ್ಲಿ ಸುಮಾರು ಮೂರು ಪಾಯಿಂಟ್ ಏರಿದ್ದು ಹೊಸದರಲ್ಲಿ ಒಂದೇ ಪಾಯಿಂಟ್. ಆಧಾರ ವರ್ಷ ಬರೆಯದ ಒಪ್ಪಂದದಲ್ಲಿ ಜಗಳ ಕಾದುಕೊಂಡೇ ಇರುತ್ತದೆ.

ಇನ್ನೊಂದು ಅಂಚು ಇಎಸ್‌ಐ. ಅದರ ಲೆಕ್ಕಕ್ಕೆ ಬರುವ ವೇತನ ತಿಂಗಳಿಗೆ 21,000 ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಕುಟುಂಬ ಆ ರಕ್ಷಣೆಯಿಂದ ಹೊರಬೀಳುತ್ತದೆ. ಆಸ್ಪತ್ರೆ ಖರ್ಚು ಕೈಮೇಲೆ ಬಂದರೆ ಹೆಚ್ಚಳ ಅಲ್ಲೇ ಕರಗಿತು. ಮಿತಿ ದಾಟುವವರಿಗೆ ಕಂಪನಿಯ ವೈದ್ಯಕೀಯ ವಿಮೆ ಎಂಬ ಕಲಮು ಅದೇ ಒಪ್ಪಂದದಲ್ಲಿ ಬರಬೇಕು.

ಮೂರನೇ ಪ್ರಶ್ನೆ: ಯಾರಿಗೆ?

‘ಸಹಿಯಾದ ದಿನ ಹಾಜರಿ ಪಟ್ಟಿಯಲ್ಲಿರುವ ಖಾಯಂ ಕಾರ್ಮಿಕರಿಗೆ’ ಎಂಬ ಒಂದು ಸಾಲು ಎಷ್ಟು ಜನರನ್ನು ಹೊರಗಿಡುತ್ತದೆ ನೋಡಿ. ಮಾತುಕತೆ ಒಂದೂವರೆ ವರ್ಷ ಎಳೆದರೆ ಆ ನಡುವೆ ನಿವೃತ್ತರಾದವರಿಗೆ, ತೀರಿಕೊಂಡವರ ಮನೆಯವರಿಗೆ ಹಿಂಬಾಕಿಯಿಲ್ಲ. ‘ಜಾರಿಯ ದಿನಾಂಕದಂದು ಸೇವೆಯಲ್ಲಿದ್ದ ಎಲ್ಲರಿಗೂ, ಸೇವೆಯಲ್ಲಿದ್ದ ಅವಧಿಗೆ ತಕ್ಕಂತೆ’ ಎಂದು ಬದಲಿಸಿದರೆ ಸಾಕು.

ಹೊಸದಾಗಿ ಸೇರುವವರಿಗೆ ಕಡಿಮೆ ಶ್ರೇಣಿ ಎಂಬ ಕಲಮು ಇಂದಿನ ಸದಸ್ಯರನ್ನು ನೋಯಿಸುವುದಿಲ್ಲವಾದ್ದರಿಂದ ಸಂಘ ಸುಲಭವಾಗಿ ಒಪ್ಪಿಬಿಡುತ್ತದೆ. ಹತ್ತು ವರ್ಷದಲ್ಲಿ ಅವರೇ ಬಹುಸಂಖ್ಯಾತರಾಗುತ್ತಾರೆ, ಸಂಘ ಎರಡು ಹೋಳಾಗುತ್ತದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಅದೇ ಬಗೆಯ ಕೆಲಸ ಮಾಡುವ ಖಾಯಂ ಕಾರ್ಮಿಕರಿಗೆ ಸಮನಾದ ಸೌಲಭ್ಯ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ, ಅದು ಒಪ್ಪಂದದಲ್ಲಿ ಪ್ರತಿಫಲಿಸಬೇಕು. ಗುತ್ತಿಗೆ ಕಾರ್ಮಿಕರ ಬಗ್ಗೆ ಮೌನವಾಗಿರುವ ಒಪ್ಪಂದಗಳೇ ಹೆಚ್ಚು. ಖಾಯಂ ಕಾರ್ಮಿಕರ ವೇತನ ಏರಿದಷ್ಟೂ ಅವರ ಜಾಗಕ್ಕೆ ಗುತ್ತಿಗೆಯವರನ್ನು ತರುವ ಆಸೆ ಹೆಚ್ಚುತ್ತದೆ ಎಂಬುದನ್ನು ನೆನಪಿಟ್ಟರೆ ಆ ಮೌನ ಖಾಯಂ ಕಾರ್ಮಿಕರಿಗೂ ದುಬಾರಿಯೇ.

ನಾಲ್ಕನೇ ಪ್ರಶ್ನೆ: ಯಾವುದಕ್ಕೆ ಬದಲಾಗಿ?

ಉತ್ಪಾದನಾ ಗುರಿ, ವಿರಾಮದ ನಿಮಿಷಗಳು, ಪಾಳಿ, ವರ್ಗಾವಣೆಯ ಅಧಿಕಾರ ಸಾಮಾನ್ಯವಾಗಿ ಒಪ್ಪಂದದ ಕೊನೆಯ ಪುಟಗಳಲ್ಲಿರುತ್ತವೆ. ಓದುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಆರಂಭವಾಗಿ 2021ರ ಮಾರ್ಚ್‌ವರೆಗೆ ಎಳೆದ ಬಿಕ್ಕಟ್ಟಿನಲ್ಲಿ ಕಾರ್ಮಿಕರ ದೂರು ಸಂಬಳಕ್ಕಿಂತ ಹೆಚ್ಚಾಗಿ ಕೆಲಸದ ಒತ್ತಡದ ಬಗ್ಗೆ ಇತ್ತು. ಸಂಘದ ಪದಾಧಿಕಾರಿಯೊಬ್ಬರ ಅಮಾನತು ಕಿಡಿ ಹೊತ್ತಿಸಿತು.

ಉತ್ಪಾದನೆ ಹೆಚ್ಚಿಸಲು ಒಪ್ಪುವುದು ತಪ್ಪಲ್ಲ. ಗುರಿಯನ್ನು ಸಮಯ ಅಧ್ಯಯನದಿಂದ ನಿರ್ಧರಿಸಬೇಕು, ಆ ಅಧ್ಯಯನದಲ್ಲಿ ಸಂಘದವರೂ ಇರಬೇಕು, ಕಚ್ಚಾ ಮಾಲು, ಕರೆಂಟು, ಯಂತ್ರ ಸರಿಯಿದ್ದಾಗಷ್ಟೇ ಗುರಿ ಅನ್ವಯಿಸಬೇಕು, ಗುರಿ ಮೀರಿದ್ದಕ್ಕೆ ಪ್ರೋತ್ಸಾಹಧನದ ದರ ಬರೆದಿರಬೇಕು. ಇದು ಉದ್ದಿಮೆದಾರರಿಗೂ ಒಳ್ಳೆಯದು. ಕಾಗದದ ಮೇಲೆ ಗೆದ್ದ ಗುರಿ ಅಂಗಳದಲ್ಲಿ ನಡೆಯದಿದ್ದರೆ ಅವರಿಗೆ ಸಿಕ್ಕ ಲಾಭವೇನು?

‘ಹಣದ ಭಾಗ ಒಪ್ಪುತ್ತೇವೆ, ಗುರಿಯ ಭಾಗ ಒಪ್ಪುವುದಿಲ್ಲ’ ಎಂದು ಸಹಿಯಾದ ಮೇಲೆ ಕೋರ್ಟಿಗೆ ಹೋದರೆ ಗೆಲ್ಲುವುದು ಕಷ್ಟ. ಒಪ್ಪಂದವನ್ನು ಇಡಿಯಾಗಿ ನೋಡಬೇಕು, ಬಿಡಿಬಿಡಿಯಾಗಿ ತೂಗಬಾರದು ಎಂಬುದು 1970ರ ದಶಕದ ಹರ್ಬರ್ಟ್‌ಸನ್ಸ್ ಪ್ರಕರಣದಿಂದ ಸುಪ್ರೀಂ ಕೋರ್ಟ್ ಹಿಡಿದುಕೊಂಡು ಬಂದಿರುವ ನಿಲುವು.

ಮಾತು ಮುರಿದರೆ

ರಾಜ್ಯ ಸರ್ಕಾರದ ವ್ಯಾಪ್ತಿಯ ಕಾರ್ಖಾನೆಗಳಿಗೆ ಮುಂದಿನ ದಾರಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಪರಿಚಿತ. ಬ್ಯಾಂಕ್, ವಿಮೆ, ರೈಲ್ವೆ, ಗಣಿಗಳಿಗೆ ಕೇಂದ್ರ ಸರ್ಕಾರದ ಅಧಿಕಾರಿಗಳಿದ್ದಾರೆ. ಸಂಧಾನಾಧಿಕಾರಿ ತೀರ್ಪು ಕೊಡುವವರಲ್ಲ. ಇಬ್ಬರನ್ನೂ ಕೂರಿಸಿ, ಬೇರೆಬೇರೆಯಾಗಿ ಮಾತಾಡಿಸಿ ಹತ್ತಿರ ತರುವುದಷ್ಟೇ ಅವರ ಕೆಲಸ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ, ಆದ್ದರಿಂದ ವಾದಿಸುವ ಶಕ್ತಿ ಸಮಿತಿಯಲ್ಲೇ ಇರಬೇಕು.

ಮುಷ್ಕರಕ್ಕೆ ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಲ್ಲೂ ಕನಿಷ್ಠ 14 ದಿನದ ನೋಟಿಸ್ ಬೇಕು, ಮೊದಲು ಈ ನಿಯಮ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು. ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಏಳು ದಿನ ಮುಷ್ಕರ ಹೂಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಬೀಗಮುದ್ರೆಗೆ ಆಡಳಿತ ವರ್ಗಕ್ಕೂ ಇಂಥದೇ ಕಟ್ಟುಪಾಡು. ಸಂಧಾನ ನಡೆಯುತ್ತಿರುವಾಗ ವಿವಾದದ ವಿಷಯದಲ್ಲಿ ಕಾರ್ಮಿಕರಿಗೆ ಹಾನಿಯಾಗುವಂತೆ ಸೇವಾ ಷರತ್ತು ಬದಲಿಸುವ ಹಾಗೂ ಇಲ್ಲ.

ಸಂಧಾನಾಧಿಕಾರಿ ಸಾಮಾನ್ಯವಾಗಿ 45 ದಿನದಲ್ಲಿ, ಮುಷ್ಕರದ ನೋಟಿಸ್ ಬಂದಿದ್ದರೆ 14 ದಿನದಲ್ಲಿ ವರದಿ ಕೊಡಬೇಕು. ಸಂಧಾನ ವಿಫಲವಾದರೆ ಸರ್ಕಾರ ಪ್ರಕರಣವನ್ನು ಒಪ್ಪಿಸಲೆಂದು ಮೊದಲಿನಂತೆ ಕಾಯಬೇಕಾಗಿಲ್ಲ. 90 ದಿನದೊಳಗೆ ಯಾವ ಕಡೆಯವರಾದರೂ ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆದರೆ ನ್ಯಾಯಮಂಡಳಿಯ ದಾರಿ ಉದ್ದ. ಎರಡೂ ಕಡೆ ಒಪ್ಪಿದ ಮಧ್ಯಸ್ಥರ ಮುಂದೆ ಹೋಗುವುದು ಇನ್ನೊಂದು ದಾರಿ.

ಮಧ್ಯಸ್ಥಿಕೆಯಲ್ಲಿ ಮುಖ ಉಳಿಸಿಕೊಳ್ಳುವ ಜಾಣ್ಮೆಗೆ 1918ರ ಅಹಮದಾಬಾದ್ ಗಿರಣಿ ಮುಷ್ಕರಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಗಾಂಧೀಜಿಯ ಮುಂದಾಳತ್ವದಲ್ಲಿ ಕಾರ್ಮಿಕರು ಶೇ 35 ಬೇಕೆಂದರು, ಮಾಲೀಕರು ಶೇ 20ರ ಮೇಲೆ ಕೊಡೆವೆಂದರು. ಕೊನೆಗೆ ಮೊದಲ ದಿನ ಶೇ 35, ಎರಡನೇ ದಿನ ಶೇ 20, ಮೂರನೇ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ಶೇ 27.5 ಎಂದು ಒಪ್ಪಿದರು. ಇಬ್ಬರ ಪ್ರತಿಜ್ಞೆಯೂ ಒಂದೊಂದು ದಿನ ಉಳಿಯಿತು, ಗಿರಣಿ ತಿರುಗಿತು. ಮಧ್ಯಸ್ಥರು ಕೊನೆಗೆ ಕೊಟ್ಟದ್ದು ಶೇ 35.

ಸಹಿ ಎಲ್ಲಿ, ಹೇಗೆ?

ಹಳೆಯ ಕಾಯ್ದೆಯ ಕಲಮುಗಳನ್ನು ಹಿಡಿದು ‘18(1) ಒಪ್ಪಂದ’, ‘12(3) ಒಪ್ಪಂದ’ ಎನ್ನುವ ಮಾತು ಕಾರ್ಮಿಕ ವಲಯದಲ್ಲಿ ರೂಢಿಯಲ್ಲಿದೆ. ಕಾಯ್ದೆ ಬದಲಾದರೂ ಆ ವ್ಯತ್ಯಾಸ ಹಾಗೇ ಉಳಿದಿದೆ. ಇಬ್ಬರೇ ಕುಳಿತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದ ಕಡೆಯವರನ್ನು ಮಾತ್ರ ಬಂಧಿಸುತ್ತದೆ. ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಬೇರೆ ಸಂಘದವರನ್ನೂ, ಸಂಘದಲ್ಲಿಲ್ಲದವರನ್ನೂ, ನಾಳೆ ಕೆಲಸಕ್ಕೆ ಸೇರುವವರನ್ನೂ, ಉದ್ದಿಮೆ ಕೈಬದಲಾದರೆ ಮುಂದಿನ ಮಾಲೀಕರನ್ನೂ ಬಂಧಿಸುತ್ತದೆ. ಮಾತುಕತೆ ಕೋಣೆಯಲ್ಲೇ ಮುಗಿದರೂ ಸಹಿಯನ್ನು ಅಧಿಕಾರಿಯ ಮುಂದೆ ಮಾಡುವುದು ಅನೇಕರ ರೂಢಿ, ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಅದು ಅಗತ್ಯವೂ ಹೌದು.

ಸಹಿಗೆ ಮುನ್ನ ಕರಡನ್ನು ಸರ್ವ ಸದಸ್ಯರ ಸಭೆಯ ಮುಂದಿಡಿ. ಒಪ್ಪಂದ ಇಂಗ್ಲಿಷಿನಲ್ಲಿದ್ದರೆ ಕನ್ನಡ ಪ್ರತಿ ಕೇಳಿ. ಅರ್ಥದಲ್ಲಿ ಭಿನ್ನತೆ ಬಂದರೆ ಯಾವ ಪ್ರತಿ ಅಂತಿಮ ಎಂಬುದನ್ನೂ ಬರೆಸಿ. ತಾವು ಸಹಿ ಹಾಕಿದ್ದನ್ನು ತಾವೇ ಓದಲಾಗದ ಕಾರ್ಮಿಕರಿಗೆ ಒಪ್ಪಂದ ರಕ್ಷಣೆ ಕೊಡಲಾರದು. ಕರಡು ಕೈಯಲ್ಲಿದ್ದಾಗ ಇಷ್ಟನ್ನು ಪರೀಕ್ಷಿಸಿ:

- ಅವಧಿ ಎಂದಿನಿಂದ ಎಂದಿನವರೆಗೆ ಎಂದು ತಾರೀಖು ಸಹಿತ ಇದೆಯೇ?
- ಹಿಂಬಾಕಿ ಎಷ್ಟು ಕಂತು, ಯಾವ ತಿಂಗಳ ಸಂಬಳದ ಜೊತೆ?
- ಹೆಚ್ಚಳದಲ್ಲಿ ಮೂಲ ವೇತನಕ್ಕೆ ಎಷ್ಟು, ತುಟ್ಟಿಭತ್ಯೆಗೆ ಎಷ್ಟು, ಉಳಿದ ಭತ್ಯೆಗಳಿಗೆ ಎಷ್ಟು?
- ಹಳೆಯ ಒಪ್ಪಂದಗಳ ಸೌಲಭ್ಯಗಳು, ಬದಲಾಗದ್ದೆಲ್ಲ, ಮುಂದುವರಿಯುತ್ತವೆ ಎಂಬ ಸಾಲಿದೆಯೇ?
- ‘ಅವಧಿ ಮುಗಿಯುವವರೆಗೆ ಆರ್ಥಿಕ ಹೊರೆಯ ಬೇಡಿಕೆ ಇಡುವುದಿಲ್ಲ’ ಎಂಬ ಸಾಲಿದ್ದರೆ, ಕಾನೂನಿನಿಂದ ಬರುವ ಹೆಚ್ಚಳಗಳನ್ನು ಅದರಿಂದ ಹೊರಗಿಟ್ಟಿದ್ದಾರೆಯೇ?
- ಮಾತುಕತೆ ಕಾಲದಲ್ಲಿ ಅಮಾನತಾದವರ, ನೋಟಿಸ್ ಪಡೆದವರ ಗತಿ ಏನೆಂದು ಬರೆದಿದೆಯೇ?
- ಅರ್ಥದ ಬಗ್ಗೆ ತಕರಾರು ಬಂದರೆ ಯಾರ ಮುಂದೆ ಹೋಗಬೇಕು?

ಸಂಘವಿಲ್ಲದ ಕಡೆ

ಮಾತಾಡುವ ಜಾಗವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ವೇತನದ ದೂರು ದಾಂಧಲೆಯಾಗಿ ಸಿಡಿದದ್ದು ಸಾಕ್ಷಿ. ಅಲ್ಲಿ ಕಾರ್ಮಿಕರೂ ಕಂಪನಿಯೂ ಕಳೆದುಕೊಂಡರು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕೆಂದು ಸಂಹಿತೆ ಹೇಳುತ್ತದೆ. ಎರಡೂ ಕಡೆಯ ಸಮ ಪ್ರತಿನಿಧಿಗಳು, ಗರಿಷ್ಠ ಹತ್ತು ಮಂದಿ, ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ. ನೂರು ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕಾರ್ಯ ಸಮಿತಿ ರಚಿಸಲು ಸರ್ಕಾರ ಸೂಚಿಸಬಹುದು. ಇವು ವೇತನ ಒಪ್ಪಂದದ ಜಾಗ ತುಂಬಲಾರವು. ಆದರೂ ದೂರು ಹೇಳುವ, ಉತ್ತರ ಪಡೆಯುವ ಅಭ್ಯಾಸ ಎರಡೂ ಕಡೆಗೆ ಇಲ್ಲಿಂದಲೇ ಆಗಬೇಕು.

ಸಹಿಯ ಮರುದಿನದ ಕೆಲಸ

ಸಿಹಿ ಹಂಚಿದ ಮೇಲೆ ಕೆಲಸ ಉಳಿದಿರುತ್ತದೆ. ಹೊಸ ದರದ ಮೊದಲ ವೇತನ ಚೀಟಿ ಬಂದ ಕೂಡಲೇ ಪ್ರತಿ ವಿಭಾಗದಿಂದ ಎರಡೆರಡು ಚೀಟಿ ತರಿಸಿ ಒಪ್ಪಂದದೊಡನೆ ತಾಳೆ ನೋಡಿ. ಒಪ್ಪಂದದ ಪ್ರಕಾರ ಬರಬೇಕಾದ ಹಣ ಬರದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಲು ಕಾನೂನಿನಲ್ಲಿ ಅವಕಾಶವಿದೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡುವುದು ಕ್ಷೇಮ. ಒಪ್ಪಂದ ಮುರಿಯುವುದು ದಂಡಾರ್ಹ ಅಪರಾಧವೂ ಹೌದು, ಎರಡೂ ಕಡೆಗೆ.

ಅಂದೇ ಒಂದು ಹೊಸ ಕಡತ ತೆರೆಯಿರಿ. ಬೆಲೆ ಸೂಚ್ಯಂಕ, ಪಕ್ಕದ ಕಾರ್ಖಾನೆಗಳ ಒಪ್ಪಂದ, ಕಂಪನಿಯ ವಾರ್ಷಿಕ ಲೆಕ್ಕ, ಈ ಒಪ್ಪಂದದಲ್ಲಿ ತೊಡಕು ತಂದ ಕಲಮು, ಎಲ್ಲವೂ ಬಂದ ಬಂದ ಹಾಗೆ ಅದರೊಳಗೆ ಸೇರಲಿ. ಮೂರು ವರ್ಷದ ನಂತರ ಸಮಿತಿಯಲ್ಲಿ ಬೇರೆಯವರು ಇರಬಹುದು. ಆ ಕಡತ ಕೈಯಲ್ಲಿದ್ದರೆ ಅವರು ‘ಶೇಕಡಾ ಎಷ್ಟು?’ ಎಂಬಲ್ಲಿಂದ ಶುರುಮಾಡಬೇಕಾಗಿಲ್ಲ.